ಸರ್ವರ್ ರಾತ್ರಿ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ, ಲಾಗ್‌ನಲ್ಲಿ ಬರೀ 41

ರಾತ್ರಿಪಾಳಿ:
ಒಂದು ವಿಂಡೋಸ್ ಸರ್ವರ್ ನನ್ನ ನಿದ್ದೆ ಕೆಡಿಸಿದೆ. ಒಂದು ತಿಂಗಳಲ್ಲಿ ಮೂರು ಸಲ, ರಾತ್ರಿ ಎರಡರ ಸುಮಾರಿಗೆ, ತಾನಾಗೇ ರೀಸ್ಟಾರ್ಟ್ ಆಯಿತು. ಈವೆಂಟ್ ವ್ಯೂವರ್ (ವಿಂಡೋಸ್‌ನ ಲಾಗ್ ತೋರಿಸುವ ಟೂಲ್) ತೆಗೆದರೆ ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ ಈವೆಂಟ್ 41, ಜೊತೆಗೆ 6008 (ಹಿಂದಿನ ಸಲ ಅನಿರೀಕ್ಷಿತವಾಗಿ ಬಂದ್ ಆಯಿತು ಅನ್ನುವ ಈವೆಂಟ್). ಅದರ ಹಿಂದೆ ಒಂದೇ ಒಂದು ಎರರ್ ಇಲ್ಲ. ಅಪ್‌ಡೇಟ್‌ನದೇ ಕಿತಾಪತಿ ಅಂದುಕೊಂಡು ಪ್ಯಾಚ್ ತೆಗೆದೆ. ಡ್ರೈವರ್ ಬದಲಿಸಿದೆ. ಮೊನ್ನೆ ಭಾನುವಾರ ಮತ್ತೆ ಅದೇ ಕಥೆ. ಮೆಮೊರಿ ಕೆಟ್ಟಿರಬಹುದಾ?

ಲಾಗ್‌ಹುಳ:
41 ಕಾರಣ ಹೇಳಲ್ಲ. ‘ನಾನು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ’ ಅಂತ ಎದ್ದ ಮೇಲೆ ವಿಂಡೋಸ್ ಬರೆಯುವ ಸಾಲು ಅದು, ಅಷ್ಟೇ. ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ (ವಿಂಡೋಸ್ ಕ್ರ್ಯಾಶ್‌ನ ಸಂಖ್ಯೆ) ನೋಡಿ. ಅಲ್ಲಿ 159 ಥರ ಸಂಖ್ಯೆ ಇದ್ದರೆ ಬ್ಲೂ ಸ್ಕ್ರೀನ್ (ಹೆಕ್ಸ್‌ನಲ್ಲಿ ಅದು 9ಎಫ್, ಹುಡುಕುವಾಗ ಹಾಗೇ ಹುಡುಕಿ). 0 ಇದ್ದರೆ ಸಾಮಾನ್ಯವಾಗಿ ಕರೆಂಟ್ ಹೋಗಿದೆ ಅಥವಾ ಮಷಿನ್ ಪೂರ್ತಿ ಹ್ಯಾಂಗ್ ಆಗಿದೆ. ಇನ್ನೊಂದು, ಅಪ್‌ಡೇಟ್ ರೀಸ್ಟಾರ್ಟ್ ಮಾಡಿಸಿದ್ದರೆ ಲಾಗ್‌ನಲ್ಲಿ ಈವೆಂಟ್ 1074 ಇರುತ್ತಿತ್ತು. ಇದೆಯಾ?

ರಾತ್ರಿಪಾಳಿ:
1074 ಇಲ್ಲ. ಬಗ್‌ಚೆಕ್‌ಕೋಡ್ 0. ಅಯ್ಯೋ, ಪ್ಯಾಚ್ ಸುಮ್ನೆ ತೆಗೆದೆ.

ಹಳೇಕೇಬಲ್:
ಹಾಗಾದರೆ ವಿಂಡೋಸ್ ಬಿಟ್ಟು ಹೊರಗೆ ಬನ್ನಿ. ಸರ್ವರ್ ಒಳಗೇ ವಿಂಡೋಸ್ ಹಂಗಿಲ್ಲದೆ ಹಾರ್ಡ್‌ವೇರ್ ಮೇಲೆ ಕಣ್ಣಿಡುವ ಚಿಪ್ ಇರುತ್ತದೆ, ಡೆಲ್ ಆದರೆ ಐಡ್ರಾಕ್, ಎಚ್‌ಪಿಇ ಆದರೆ ಐಲೋ. ಅದರೊಳಗಿನ ಹಾರ್ಡ್‌ವೇರ್ ಲಾಗ್ ಓದಿ. ಗಡಿಯಾರ ಯುಟಿಸಿಯಲ್ಲಿರಬಹುದು (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ), ಗಂಟೆ ತಾಳೆ ಹಾಕುವಾಗ ಎಚ್ಚರ.

ನಾನೂ ಒಮ್ಮೆ ಈವೆಂಟ್ ವ್ಯೂವರ್ ಒಂದನ್ನೇ ನಂಬಿ ಕೆಟ್ಟವನು. ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ತೋರಿಸುವ ಕಾರ್ಡ್) ಹಿಂದೆ ಡಿಸ್ಕ್ ಇದ್ದರೆ ವಿಂಡೋಸ್‌ಗೆ ಕಾಣುವುದು ಒಂದು ವರ್ಚುವಲ್ ಡಿಸ್ಕ್ ಮಾತ್ರ. ಒಳಗೆ ಒಂದು ಡಿಸ್ಕ್ ಸಾಯುತ್ತಿದ್ದರೂ ಡಿಸ್ಕ್ ತೊಂದರೆ ಹೇಳುವ ಈವೆಂಟ್ 7, 153 ಯಾವುದೂ ಬರಲಿಲ್ಲ. ಕಾರ್ಡ್‌ನ ಲಾಗ್‌ನಲ್ಲಿ ಮಾತ್ರ ‘ಪ್ರೆಡಿಕ್ಟಿವ್ ಫೇಲ್ಯೂರ್’ (ಬೇಗ ಕೆಡಬಹುದು) ಅಂತ ಆರು ವಾರದಿಂದ ಇತ್ತು. ಓದುವವರೇ ಇರಲಿಲ್ಲ.

ಅಂದ ಹಾಗೆ, ಮೂರು ಸಲವೂ ಭಾನುವಾರವೇನಾ?

ರಾತ್ರಿಪಾಳಿ:
ಹೌದು, ಈಗ ಎಣಿಸಿದೆ. ಸರಿಯಾಗಿ 14 ದಿನಕ್ಕೊಮ್ಮೆ! ಹಾರ್ಡ್‌ವೇರ್ ಲಾಗ್‌ನಲ್ಲಿ ಮೂರು ರಾತ್ರಿಯೂ ‘ಪವರ್ ಸಪ್ಲೈ 1, ಇನ್‌ಪುಟ್ ಲಾಸ್ಟ್’. ಕೆಳಗೆ ಸ್ಕ್ರಾಲ್ ಮಾಡಿದರೆ ಎರಡು ತಿಂಗಳ ಹಿಂದೆಯೇ ‘ಪವರ್ ಸಪ್ಲೈ 2 ಫೇಲ್ಡ್, ರಿಡಂಡೆನ್ಸಿ ಲಾಸ್ಟ್’, ಅಂದರೆ ಒಂದು ಹೋದರೆ ಇನ್ನೊಂದು ಅನ್ನುವ ಆಸರೆ ಆಗಲೇ ಹೋಗಿತ್ತು. ಆ ಕೆಂಪು ದೀಪವನ್ನು ನಾನು ದಿನಾ ದಾಟಿಕೊಂಡು ಓಡಾಡಿದ್ದೇನೆ.

ಹಳೇಕೇಬಲ್:
14 ದಿನ ಅಂದರೆ ಯುಪಿಎಸ್‌ನ ಸೆಲ್ಫ್ ಟೆಸ್ಟ್. ಅನೇಕ ಯುಪಿಎಸ್‌ಗಳಲ್ಲಿ ಅದೇ ಸೆಟ್ಟಿಂಗ್. ಟೆಸ್ಟ್‌ಗೆ ಅಂತ ಲೋಡನ್ನು ಬ್ಯಾಟರಿಗೆ ಹಾಕುತ್ತದೆ, ಬ್ಯಾಟರಿ ಸತ್ತಿದ್ದರೆ ಅಲ್ಲೇ ಕೈ ಬಿಡುತ್ತದೆ. ಯುಪಿಎಸ್ ಲಾಗ್ ತೆಗೆದು ನೋಡಿ.

ರಾತ್ರಿಪಾಳಿ:
‘ಸೆಲ್ಫ್ ಟೆಸ್ಟ್ ಫೇಲ್ಡ್’, ಮೂರು ಸಲ. ಬ್ಯಾಟರಿ, ಪವರ್ ಸಪ್ಲೈ ಎರಡಕ್ಕೂ ಆರ್ಡರ್ ಹಾಕಿದೆ. ಅಲ್ಲಿಯವರೆಗೆ ಸೆಲ್ಫ್ ಟೆಸ್ಟ್ ಆಫ್. 41ಕ್ಕೆ ಈಮೇಲ್ ಅಲರ್ಟ್ ಇಡಲಾ?

ಲಾಗ್‌ಹುಳ:
ಇಡಿ, ಆದರೆ ಅದು ಬಿದ್ದ ಮೇಲೆ ಬರುವ ಪತ್ರ. ಐಡ್ರಾಕ್ ಅಥವಾ ಐಲೋದಲ್ಲೇ ಪವರ್, ಫ್ಯಾನ್, ಡಿಸ್ಕ್ ಮೂರಕ್ಕೂ ಅಲರ್ಟ್ ಆನ್ ಮಾಡಿ, ಟೆಸ್ಟ್ ಮೇಲ್ ಒತ್ತಿ. ನಮ್ಮಲ್ಲಿ ಅದು ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ ಹೋಗುತ್ತಿತ್ತು.