ಮುಂಡಗೋಡದ ಆಮ್ಚಿ ನಾಡಿ ಹಿಡಿದು ‘ಗಾಳಿ ಜಾಸ್ತಿ’ ಅಂದರು, ಹಾಗಂದ್ರೆ ಏನು?

ಕೊಪ್ಪಳದ ತಿರುಗುಬೋಕಿ:

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ರಸ್ತೆ ಬದಿ ಟೆಂಟ್ ಹಾಕಿ ಸ್ವೆಟರ್ ಮಾರ್ತಾರಲ್ಲ, ಟಿಬೆಟನ್ನರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಕೆಲಸ ಬೇಗ ಮುಗಿಯಿತು, ಸುಮ್ನೆ ಮುಂಡಗೋಡ ಬಸ್ ಹತ್ತಿದೆ. ನಮ್ಮ ಕಡೆ ಕ್ಯಾಂಪ್ ಅಂದ್ರೆ ಭತ್ತ ಬೆಳೆಯೋ ಆಂಧ್ರದವರ ಕ್ಯಾಂಪ್, ಅಲ್ಲಿ ಟಿಬೆಟನ್ನರ ಲಾಮಾ ಕ್ಯಾಂಪ್. ಎಲ್ಲಿ ನೋಡಿದ್ರೂ ಕೆಂಪು ಬಟ್ಟೆಯ ಭಿಕ್ಷುಗಳು. ಒಂದು ಅಂಗಳದಲ್ಲಿ ಒಬ್ಬರು ಕೂತಿದ್ದಾರೆ, ಇನ್ನೊಬ್ಬರು ಎದುರಿಗೆ ನಿಂತು ಕಾಲು ಬಡಿದು ಚಪ್ಪಾಳೆ ಹೊಡೆದು ಜೋರಾಗಿ ಏನೋ ಕೇಳ್ತಿದ್ದಾರೆ. ಜಗಳ ಬಿತ್ತು ಅಂದುಕೊಂಡೆ. ಅವರು ಪಾಠ ಕಲಿಯೋದೇ ಹಾಗೆ, ವಾದ ಮಾಡಿ ಮಾಡಿ, ಅಂತ ಆಮೇಲೆ ತಿಳೀತು.

ಮಠದ ಬಾಗಿಲ ಪಕ್ಕದ ಗೋಡೆ ಮೇಲೆ ದೊಡ್ಡ ಚಕ್ರದ ಚಿತ್ರ ಇತ್ತು. ರಾಕ್ಷಸನಂಥವನೊಬ್ಬ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಾನೆ. ನಟ್ಟನಡುವೆ ಒಂದು ಹುಂಜ, ಒಂದು ಹಾವು, ಒಂದು ಹಂದಿ, ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಸುತ್ತುತ್ತಿವೆ. ಮಠದ ಬಾಗಿಲಲ್ಲಿ ಹಂದಿ ಯಾಕೆ ಅಂತ ಕೇಳೋಕೆ ಧೈರ್ಯ ಆಗಲಿಲ್ಲ.

ಅಲ್ಲೇ ಅವರ ಆಸ್ಪತ್ರೆ ಇತ್ತು. ಎರಡು ವರ್ಷದಿಂದ ಮಂಡಿ ನೋವು, ನಿದ್ದೆನೂ ಸರಿ ಇಲ್ಲ, ಹೆಂಗೂ ಬಂದಿದೀನಿ ಅಂತ ಒಳಗೆ ಹೋದೆ. ಆಮ್ಚಿ (ವೈದ್ಯರಿಗೆ ಹಾಗಂತಾರೆ) ಮೂರು ಬೆರಳಿಟ್ಟು ಮೊದಲು ಎಡಗೈ, ಆಮೇಲೆ ಬಲಗೈ ಹಿಡಿದು ಸುಮಾರು ಹೊತ್ತು ಕೂತರು. ಮಾತಿಲ್ಲ. ನಾಲಿಗೆ ನೋಡಿದರು. ಆಮೇಲೆ ಮಂಡಿ ಬಗ್ಗೆ ಬಿಟ್ಟು ಬೇರೆ ಎಲ್ಲಾ ಕೇಳಿದರು. ರಾತ್ರಿ ಏನು ಯೋಚನೆ ಮಾಡ್ತೀರಿ, ದಿನಕ್ಕೆ ಎಷ್ಟು ಚಹಾ, ಒಬ್ಬರೇ ಊಟ ಮಾಡ್ತೀರಾ. ಕೊನೆಗೆ ‘ಲುಂಗ್ ಜಾಸ್ತಿ ಆಗಿದೆ, ಗಾಳಿ’ ಅಂದು ಕಡಲೆಕಾಳು ಗಾತ್ರದ ಕಂದು ಗುಳಿಗೆ ಕೊಟ್ಟರು. ಪುಡಿ ಮಾಡಿ ಬಿಸಿನೀರಲ್ಲಿ ತಗೋಬೇಕಂತೆ. ಕಹಿ ಅಂದ್ರೆ ಬೇವು ಸಿಹಿ ಅನಿಸಬೇಕು. ಇದು ಮನಸ್ಸಿಂದ ಬರ್ತದೆ, ಮೂಲ ಆಸೆ ಅಂತ ಬೇರೆ ಅಂದರು. ನನಗೆ ದುರಾಸೆ ಅಂತ ಬೈದರಾ? ನೋವು ಪೂರ್ವಜನ್ಮದ ಕರ್ಮ ಅಂತಾದ್ರೆ ಗುಳಿಗೆ ಯಾಕೆ? ಅಪ್ಪನಿಗೂ ಮಂಡಿ ನೋವು ಇದೆ, ಕರ್ಕೊಂಡು ಹೋಗಬಹುದಾ? ಗೊತ್ತಿದ್ದವರು ಹೇಳಿ.

ಆನೆಗೊಂದಿ ಹುಡುಗ:

ಅಣ್ಣ, ಬೈದಿಲ್ಲ, ಸಮಾಧಾನ ಮಾಡ್ಕೋ. ನಾನು ಬೈಲಕುಪ್ಪೆ (ಅದೂ ಟಿಬೆಟನ್ನರ ಕ್ಯಾಂಪೇ) ಹತ್ತಿರ ನಾಲ್ಕು ವರ್ಷ ಕೆಲಸ ಮಾಡಿದವನು, ಈ ಹಂದಿ ಪ್ರಶ್ನೆ ನಾನೂ ಕೇಳಿ ನಗೆಪಾಟಲಾದವನೇ. ನೀನು ನೋಡಿದ ಚಿತ್ರದಲ್ಲೇ ನಿನ್ನ ಗುಳಿಗೆ ಚೀಟಿ ಇದೆ.

ಆ ಚಿತ್ರ ಭವಚಕ್ರ, ಕಚ್ಚಿ ಹಿಡಿದವನು ಯಮ. ಹುಟ್ಟಿದ್ದೆಲ್ಲಾ ಸಾವಿನ ಬಾಯಲ್ಲೇ ಇದೆ ಅಂತ ಲೆಕ್ಕ. ನಡುವಿನ ಹುಂಜ ಅಂದ್ರೆ ಆಸೆ, ಹಾವು ಅಂದ್ರೆ ಸಿಟ್ಟು, ಹಂದಿ ಅಂದ್ರೆ ಅಜ್ಞಾನ. ಇವನ್ನು ಮೂರು ವಿಷ ಅಂತಾರೆ. ಚಕ್ರ ತಿರುಗೋದು ಇವುಗಳಿಂದ. ಈಗ ಅವರ ವೈದ್ಯದ ಪುಸ್ತಕ ತೆಗೆದರೆ (ಹೆಸರು ಗ್ಯುಶಿ, ನಾಲ್ಕು ತಂತ್ರ ಅಂತ ಅರ್ಥ, 156 ಅಧ್ಯಾಯ) ಅಲ್ಲೂ ಇದೇ ಮೂರು. ಆಸೆಯಿಂದ ಲುಂಗ್ ಕೆಡ್ತದೆ, ಸಿಟ್ಟಿನಿಂದ ತ್ರಿಪಾ, ಅಜ್ಞಾನದಿಂದ ಬೇಕನ್. ನಮ್ಮ ವಾತ, ಪಿತ್ತ, ಕಫ ಇದ್ದ ಹಾಗೆ. ಅಂದ್ರೆ ಗೋಡೆ ಮೇಲೆ ಬಿಡಿಸಿದ್ದನ್ನೇ ಆಮ್ಚಿ ನಿನ್ನ ಮಣಿಕಟ್ಟಲ್ಲಿ ಹುಡುಕಿದ್ದು.

ಆಸೆ ಅಂದ್ರೆ ದುಡ್ಡಿನ ದುರಾಸೆ ಅಂತಲ್ಲ. ಅದು ಆಗಬೇಕು, ಇದು ಆಗಬಾರದು ಅಂತ ರಾತ್ರಿ ಎರಡು ಗಂಟೆಗೆ ತಲೆಯಲ್ಲಿ ಓಡ್ತದಲ್ಲ, ಅದು. ಮನಸ್ಸು ಸವಾರ, ಲುಂಗ್ ಕುದುರೆ ಅಂತ ಅವರು ಹೇಳ್ತಾರೆ. ಸವಾರನಿಗೆ ಗಾಬರಿ ಆದ್ರೆ ಕುದುರೆ ಎತ್ತ ಬೇಕಾದ್ರೂ ಓಡ್ತದೆ. ಅದಕ್ಕೇ ಚಹಾ ಕೇಳಿದ್ದು, ಒಬ್ಬನೇ ಉಣ್ತೀಯಾ ಅಂತ ಕೇಳಿದ್ದು. ಲುಂಗ್ ಕೆಟ್ಟವನಿಗೆ ಬೆಚ್ಚಗಿನ ಜಾಗ, ಜಿಡ್ಡಿನ ಬಿಸಿ ಊಟ, ಎಳ್ಳೆಣ್ಣೆ ತಿಕ್ಕೋದು, ಇಷ್ಟದ ಮಂದಿ ಜೊತೆ ಮಾತು, ಇದೆಲ್ಲಾ ಅವರ ಚಿಕಿತ್ಸೆಯೊಳಗೇ ಬರ್ತದೆ. ಮೊದಲು ಊಟ, ಆಮೇಲೆ ನಡವಳಿಕೆ, ಅದಕ್ಕೂ ಬಗ್ಗದಿದ್ರೆ ಗುಳಿಗೆ.

ಕರ್ಮದ ವಿಷಯ. 404 ರೋಗ ಅಂತ ಲೆಕ್ಕ ಹಾಕಿ 101ರ ನಾಲ್ಕು ಗುಂಪು ಮಾಡಿದ್ದಾರೆ. ಒಂದು ಗುಂಪು ಊಟ, ನಡವಳಿಕೆ ಸರಿಮಾಡಿದ್ರೆ ತಾನೇ ಹೋಗ್ತದೆ. ಒಂದಕ್ಕೆ ಔಷಧಿ ಬೇಕು. ಒಂದು ದೆವ್ವದ ಗಾಳಿ ಸೋಕಿದ್ದು ಅಂತಾರಲ್ಲ, ಅಂಥದ್ದು. ಇನ್ನೊಂದು ಮಾತ್ರ ಹಿಂದಿನ ಜನ್ಮದ ಕರ್ಮದ್ದು. ನಿನಗೆ ಗುಳಿಗೆ ಕೊಟ್ಟಿದ್ದಾರೆ ಅಂದ್ಮೇಲೆ ನೀನು ಯಾವ ಗುಂಪು ಅಂತ ತಿಳ್ಕೋ.

ಬಿಸಿಲು ರಾಯಚೂರು:

ನಮ್ಮ ಆಯುರ್ವೇದ ಎತ್ಕೊಂಡು ಹೋಗಿ ಹೆಸರು ಬದಲಾಯಿಸಿದ್ದಾರೆ ಅಷ್ಟೇ. ಇದರಲ್ಲಿ ಹೊಸದೇನಿದೆ?

ಆನೆಗೊಂದಿ ಹುಡುಗ:

ಅರ್ಧ ನಿಜ ಸರ್. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯ ಟಿಬೆಟನ್ ಭಾಷೆಗೆ ಅನುವಾದ ಆಗಿತ್ತು, ಗ್ಯುಶಿಯಲ್ಲಿ ಅದರ ಭಾಗಗಳು ಇವೆ. ನಮ್ಮ ತ್ರಿಫಲ ಕೂಡ ಅಲ್ಲಿದೆ: ಅಳಲೆಕಾಯಿಗೆ ಅರುರ, ತಾರೆಕಾಯಿಗೆ ಬರುರ, ನೆಲ್ಲಿಕಾಯಿಗೆ ಕ್ಯುರುರ. ವೈದ್ಯ ಬುದ್ಧ ಅಂತ ನೀಲಿ ಮೈಯ ಬುದ್ಧನ ಚಿತ್ರ ಆಸ್ಪತ್ರೆಗಳಲ್ಲಿ ಇರ್ತದೆ, ಅವನ ಬಲಗೈಯಲ್ಲಿ ಇರೋದು ಅಳಲೆಕಾಯಿ ಗಿಡ. ನಮ್ಮಜ್ಜಿ ಮಕ್ಕಳಿಗೆ ತೇದು ನೆಕ್ಕಿಸ್ತಿದ್ದ ಕಾಯಿ! ಆದ್ರೆ ನಾಡಿ ನೋಡೋ ರೀತಿ ಚೀನಾದ ಕಡೆಯದ್ದಕ್ಕೆ ಹತ್ತಿರ. ಬೆಳಗಿನ ಮೊದಲ ಮೂತ್ರವನ್ನು ಕಡ್ಡಿಯಿಂದ ಕಡೆದು ನೊರೆ, ಬಣ್ಣ, ವಾಸನೆ ನೋಡೋದು ಅವರಲ್ಲಿ ದೊಡ್ಡ ಪರೀಕ್ಷೆ. ಸರ್ಕಾರವೂ 2010ರಲ್ಲಿ ಇದನ್ನು ಸೋವಾ ರಿಗ್ಪಾ ಅಂತ ಬೇರೆ ಪದ್ಧತಿಯಾಗಿಯೇ ಒಪ್ಪಿದೆ. ಬೀಗರ ಮನೆ ಸಾರು ಅಂದ್ಕೊಳ್ಳಿ, ಬೇಳೆ ನಮ್ಮದೇ, ಒಗ್ಗರಣೆ ಅವರದು.

ಬಳ್ಳಾರಿ ನರ್ಸಕ್ಕ:

ನಂಬಿಕೆ ಬಗ್ಗೆ ನಾನು ಏನೂ ಹೇಳಲ್ಲ ತಮ್ಮಾ, ಅಪ್ಪನ ವಿಷಯ ಮಾತ್ರ ಹೇಳ್ತೀನಿ. ಅಪ್ಪ ಬಿಪಿ, ಶುಗರ್ ಮಾತ್ರೆ ತಗೊಳ್ತಿದ್ರೆ ಅದನ್ನು ನಿಲ್ಲಿಸಬೇಡಿ. ನಮ್ಮ ವಾರ್ಡಿಗೆ ಬರೋರಲ್ಲಿ ಜಾಸ್ತಿ ಜನ ಇದೇ ತಪ್ಪು ಮಾಡಿರ್ತಾರೆ, ಬೇರೆ ಔಷಧಿ ಶುರು ಮಾಡಿದ ದಿನವೇ ಹಳೇ ಮಾತ್ರೆ ಬಿಡೋದು. ಏನೇನು ತಗೊಳ್ತಾರೆ ಅಂತ ಚೀಟಿ ಆಮ್ಚಿಗೆ ತೋರಿಸಿ, ಆಮ್ಚಿ ಕೊಟ್ಟದ್ದನ್ನು ನಿಮ್ಮ ಡಾಕ್ಟರಿಗೂ ತೋರಿಸಿ. ಇನ್ನೊಂದು, ಬಣ್ಣದ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಡೋ ರಿನ್ಚೆನ್ ಗುಳಿಗೆ ಇರ್ತವೆ. ಅವುಗಳಲ್ಲಿ ಕೆಲವಕ್ಕೆ ಶುದ್ಧಿ ಮಾಡಿದ ಪಾದರಸ ಹಾಕ್ತಾರೆ. ಕಿಡ್ನಿ ತೊಂದರೆ ಇದ್ದವರು ಅಂಥದ್ದನ್ನು ಅವರಿವರು ಕೊಟ್ಟರು ಅಂತ ನುಂಗೋದು ಬೇಡ. ಮತ್ತೆ ನಿಮ್ಮ ಮಂಡಿ, ಎರಡು ವರ್ಷದ ನೋವು ಅಂತೀರಿ, ಒಂದು ಎಕ್ಸ್‌ರೇ, ಯೂರಿಕ್ ಆಸಿಡ್ ಟೆಸ್ಟ್ ಆದ್ರೂ ಮಾಡ್ಸಿದ್ರಾ? ಊತ ಇದ್ರೆ, ಬೆಳಿಗ್ಗೆ ಎದ್ದಾಗ ಜಾಸ್ತಿ ಹೊತ್ತು ಬಿಗಿ ಹಿಡೀತಿದ್ರೆ ಮೂಳೆ ಡಾಕ್ಟರ ಹತ್ತಿರ ಮೊದಲು ಹೋಗಿ.

ಮಸ್ಕಿ ಮಗ:

ವೈದ್ಯ ನನಗೆ ಗೊತ್ತಿಲ್ಲ. ಆದ್ರೆ ಕೊಪ್ಪಳದವನು ಬುದ್ಧನ್ನ ನೋಡೋಕೆ ಮುಂಡಗೋಡಕ್ಕೆ ಹೋದೆ ಅಂದದ್ದಕ್ಕೆ ಸುಮ್ನಿರೋಕೆ ಆಗ್ತಿಲ್ಲ. ನಿಮ್ಮ ಗವಿಮಠದ ಬೆಟ್ಟದ ಬಂಡೆ ಮೇಲೆ ಏನಿದೆ ಅಂತ ನೋಡಿದೀಯೇನ್ರೀ? ಅಶೋಕನ ಶಾಸನ. ಪಾಲ್ಕಿಗುಂಡಿನಲ್ಲಿ ಇನ್ನೊಂದು, ಎರಡು ಬಂಡೆ ಮೇಲೆ ಕಲ್ಲಿನ ಚಪ್ಪಡಿ ಕೊಡೆ ಹಾಗೆ ಕೂತಿದೆಯಲ್ಲ, ಅದರ ಕೆಳಗೆ. ಜಾತ್ರೆಗೆ ಲಕ್ಷಗಟ್ಟಲೆ ಮಂದಿ ಬರ್ತಾರೆ, ಆ ಅಕ್ಷರ ನೋಡಿ ಹೋಗೋರು ಎಷ್ಟು ಜನ! ನಮ್ಮ ಮಸ್ಕಿಯದ್ದು 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕ ಅಂತ ಹೆಸರೇ ಇದೆ, ಬೇರೆ ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅನ್ನೋ ರಾಜ ಇವನೇ ಅಂತ ಗಟ್ಟಿಯಾದದ್ದು ಅದರಿಂದ. ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಇದೆ. ಈ ಶಾಸನಗಳಲ್ಲಿ ರಾಜನ ಮಾತು ಹೀಗಿದೆ: ನಾನು ಎರಡೂವರೆ ವರ್ಷದಿಂದ ಬುದ್ಧನ ಉಪಾಸಕ, ಮೊದಲು ಅಷ್ಟು ಮನಸ್ಸಿಟ್ಟು ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಜೋರು ಮಾಡಿದೆ, ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ಇದರ ಫಲ ಸಿಗ್ತದೆ ಅಂತ ಬರೆಸಿದ್ದಾನೆ. ಬೇರೆ ಕಡೆ, ಗುಜರಾತಿನ ಗಿರ್ನಾರ್ ಬಂಡೆಯ ಎರಡನೇ ಶಾಸನದಲ್ಲಿ, ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ ಏರ್ಪಾಡು ಮಾಡಿದೆ, ಔಷಧಿ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೆ ಅಂತನೂ ಇದೆ. ಟಿಬೆಟನ್ನರು ಮುಂಡಗೋಡಕ್ಕೆ ಬಂದು ನೆಲೆಸಿದ್ದು 1966ರಲ್ಲಿ. ಬುದ್ಧ ನಮ್ಮ ಕಡೆ ಬಂದು ಎರಡು ಸಾವಿರ ವರ್ಷ ದಾಟಿತು.

ಕೊಪ್ಪಳದ ತಿರುಗುಬೋಕಿ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಟೆಸ್ಟ್ ಮಾಡಿಸಿಲ್ಲ, ಸೋಮವಾರ ಹೋಗ್ತೀನಿ. ಅಪ್ಪನಿಗೆ ಶುಗರ್ ಇದೆ, ಚೀಟಿ ಎತ್ತಿಟ್ಟಿದೀನಿ. ಮಸ್ಕಿ ಅಣ್ಣ, ಮಠದ ಮೆಟ್ಟಿಲು ನೂರು ಸಲ ಹತ್ತಿದೀನಿ, ಆ ಬಂಡೆ ಕಡೆ ಒಂದು ಸಲವೂ ಹೋಗಿಲ್ಲ, ಮಾನ ಹೋಯಿತು. ಗುಳಿಗೆ ಹನ್ನೊಂದು ದಿನ ಆಯಿತು, ಮಂಡಿ ಹಾಗೇ ಇದೆ. ನಿದ್ದೆ ಸ್ವಲ್ಪ ಬರ್ತಿದೆ, ಗುಳಿಗೆಯಿಂದಲೋ ರಾತ್ರಿ ಚಹಾ ಬಿಟ್ಟಿದ್ದಕ್ಕೋ ಗೊತ್ತಿಲ್ಲ. ಒಂದೇ ಡೌಟು. ಅಪ್ಪನ ಬೆಳಗಿನ ಮೂತ್ರ ಬಾಟ್ಲಿಯಲ್ಲಿ ಹಿಡ್ಕೊಂಡು ಕೊಪ್ಪಳದಿಂದ ಬಸ್ ಹತ್ತು ಅಂದ್ರೆ ಅವರು ನನ್ನನ್ನೇ ಬಡೀತಾರೆ, ಏನು ಮಾಡ್ಲಿ?

ಆನೆಗೊಂದಿ ಹುಡುಗ:

ಹಿಂದಿನ ದಿನ ಸಂಜೆಗೇ ಹೋಗಿ ಅಲ್ಲೇ ಉಳ್ಕೊಳ್ಳಿ ಮಾರಾಯ, ಮಠಗಳ ಗೆಸ್ಟ್ ಹೌಸ್ ಇವೆ. ಕ್ಯಾಂಪಲ್ಲಿ ಉಳಿಯೋಕೆ ಪರ್ಮಿಟ್ ಗಿರ್ಮಿಟ್ ವಿದೇಶದವರಿಗೆ ಮಾತ್ರ, ನಮಗೆ ಬೇಡ. ಆ ರಾತ್ರಿ ಅಪ್ಪನಿಗೆ ಚಹಾ ಕೊಡಬೇಡ, ಬಣ್ಣ ಬದಲಾಗ್ತದೆ.