ಸಹಾಯ ಬೇಕು: ರಾಜಕುಮಾರನಿಗೆ ಕಾಯದ ಹುಡುಗಿಯರ ಕಥೆಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಕ್ಕಳಿಗೆ ಭಾನುವಾರ ಕಥೆ ಹೇಳುತ್ತೇನೆ. ಆರೇಳು ವರ್ಷದವರೇ ಜಾಸ್ತಿ. ಹುಡುಗಿಯೇ ಮುಂದೆ ನಿಂತು ಕೆಲಸ ಸಾಧಿಸುವ ಕಥೆಗಳು ಬೇಕಾಗಿವೆ.

ಸದ್ಯ ಸ್ಕಾಟ್ಲೆಂಡಿನ ಜನಪದ ಕಥೆ ಮೋಲಿ ವುಪ್ಪಿ ಕೈಯಲ್ಲಿದೆ. ರಾತ್ರಿ ರಾಕ್ಷಸ ತನ್ನ ಮನೆಯಲ್ಲಿ ತಂಗಿದ ಮೂವರು ಅಕ್ಕತಂಗಿಯರ ಕೊರಳಿಗೆ ಹುಲ್ಲಿನ ಹಗ್ಗ, ತನ್ನ ಹೆಣ್ಣುಮಕ್ಕಳಿಗೆ ಚಿನ್ನದ ಸರ ಹಾಕುತ್ತಾನೆ. ಕಿರಿಯವಳು ಮೋಲಿ ನಿದ್ದೆ ಮಾಡದೆ ಕಾದು, ಎರಡನ್ನೂ ಅದಲುಬದಲು ಮಾಡುತ್ತಾಳೆ. ಒಂದೇ ಕೂದಲಿನ ಸೇತುವೆ ಮೇಲೆ ಓಡಿ ಪಾರಾಗುತ್ತಾಳೆ, ಅವನಿಗೆ ದಾಟೋಕಾಗಲ್ಲ. ಮಕ್ಕಳಿಗೆ ಇಷ್ಟವಾಗೋದು ಗ್ಯಾರಂಟಿ. ಆದರೆ ಕತ್ತಲಲ್ಲಿ ರಾಕ್ಷಸ ಹುಲ್ಲಿನ ಹಗ್ಗ ತಡವಿ ನೋಡಿ, ತನ್ನ ಮಕ್ಕಳನ್ನೇ ಹೊಡೆದು ಸಾಯಿಸುತ್ತಾನೆ! ಇದನ್ನು ಹೇಗೆ ಹೇಳೋದು? ಬಿಟ್ಟರೆ ಅವಳ ಜಾಣತನವೇ ಮಸುಕಾಗುತ್ತೆ, ಅಲ್ವಾ? ಕೊನೆಗೆ ಬಹುಮಾನವೂ ರಾಜಕುಮಾರನ ಜೊತೆ ಮದುವೆಯೇ. ಅದು ನನಗೆ ಅಷ್ಟು ಹಿಡಿಸಿಲ್ಲ.

ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1844ರಲ್ಲಿ ಪ್ರಕಟಿಸಿದ ಹಿಮರಾಣಿ ಕಥೆಯ ಗೆರ್ಡಾ ಚೆನ್ನಾಗಿದ್ದಾಳೆ. ಗೆಳೆಯನನ್ನು ಹುಡುಕಿ ಹಿಮದಲ್ಲಿ ಬರಿಗಾಲಲ್ಲೇ ಹೋಗುತ್ತಾಳೆ. ಆದರೆ ಏಳು ಭಾಗದ ಕಥೆ, ಒಂದೇ ಸಲಕ್ಕೆ ಮುಗಿಯಲ್ಲ.

ನಿಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಇಂಥ ಗಟ್ಟಿಗಿತ್ತಿ ಯಾರಾದರೂ ಇದ್ದಾಳಾ? ಯಾವ ಊರ ಕಡೆಯದಾದರೂ ಸರಿ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಂತಿರಲಿ. ಎರಡು ಸಾಲು ಬರೆದರೂ ಸಾಕು, ಉಳಿದದ್ದನ್ನು ಫೋನಿನಲ್ಲಿ ಕೇಳಿಕೊಳ್ಳುತ್ತೇನೆ.