‘ಇಂಡಿಗೊ’, ‘ಅನಿಲ್’, ‘ನೀಲಿ’: ಒಂದೇ ಬಣ್ಣಕ್ಕೆ ಮೂರು ಹೆಸರೇಕೆ?

ಪ್ರಶ್ನೆ:
ನೀಲಿ ಗಿಡದ ಎಲೆಯಿಂದ ತೆಗೆಯುವ ಬಣ್ಣವನ್ನು ಇಂಗ್ಲಿಷಿನಲ್ಲಿ ‘ಇಂಡಿಗೊ’ ಎಂದೂ ಪೋರ್ಚುಗೀಸಿನಲ್ಲಿ ‘ಅನಿಲ್’ ಎಂದೂ ಕರೆಯುತ್ತಾರೆ. ಈ ಹೆಸರುಗಳಿಗೂ ನಮ್ಮ ‘ನೀಲಿ’ಗೂ ಸಂಬಂಧವಿದೆಯೇ? ನಾನು ಮಾಡುತ್ತಿರುವ ಅನುವಾದದಲ್ಲಿ ‘ಇಂಡಿಗೊ’ವನ್ನು ‘ನೀಲಿ’ ಎಂದರೆ ‘ಬ್ಲೂ’ಗೆ ಬೇರೆ ಪದ ಉಳಿಯುವುದಿಲ್ಲ.

ಉತ್ತರ 1:
‘ಇಂಡಿಗೊ’ ಸರಕು ಬಂದ ನಾಡನ್ನು ಹೇಳುತ್ತದೆ. ಗ್ರೀಕರು ಇದನ್ನು ‘ಇಂಡಿಕಾನ್’, ಅಂದರೆ ಭಾರತದ್ದು, ಎಂದರು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯ ಲ್ಯಾಟಿನ್ನಿನಲ್ಲಿ ಅದು ‘ಇಂಡಿಕಮ್’. ‘ಅನಿಲ್’ ಮಾತ್ರ ನಮ್ಮ ‘ನೀಲಿ’ಯ ನೇರ ಬಳಗ: ಸಂಸ್ಕೃತ ಮೂಲದ ಪದವು ಪರ್ಷಿಯನ್ನಿನ ಮೂಲಕ ಅರಬ್ಬಿಗೆ ಹೋಗಿ, ಅಲ್ಲಿನ ‘ಅಲ್’ ಎಂಬ ಉಪಪದ (ಇಂಗ್ಲಿಷಿನ ‘the’ ಇದ್ದಂತೆ) ಸೇರಿ ‘ಅನ್ನೀಲ್’ ಎಂದಾಗಿ, ಐಬೀರಿಯಾದ (ಸ್ಪೇನ್, ಪೋರ್ಚುಗಲ್) ಭಾಷೆಗಳಿಗೆ ಇಳಿಯಿತು. (ಗಾಳಿ ಎಂಬರ್ಥದ ‘ಅನಿಲ’ಕ್ಕೂ ಇದಕ್ಕೂ ನಂಟಿಲ್ಲ.) 1840ರಲ್ಲಿ ರಸಾಯನಶಾಸ್ತ್ರಜ್ಞ ಫ್ರಿಟ್ಸ್‌ಶೆ ಈ ಬಣ್ಣದಿಂದ ಪಡೆದ ರಾಸಾಯನಿಕಕ್ಕೆ ‘ಅನಿಲೀನ್’ ಎಂದು ಹೆಸರಿಟ್ಟದ್ದೂ ಇದರಿಂದಲೇ.

ಉತ್ತರ 2:
ಸಂಸ್ಕೃತ ವ್ಯಾಕರಣದ ಒಂದು ಸಂಗತಿ ಇಲ್ಲಿ ಉಪಯುಕ್ತ. ‘ನೀಲೀ’ ಎಂಬುದು ಗಿಡಕ್ಕೂ ಅದರ ಬಣ್ಣಕ್ಕೂ ಹೆಸರು. ಅದರಲ್ಲಿ ಅದ್ದಿದ ಬಟ್ಟೆ ‘ನೀಲ’ ಎಂದು ಪಾಣಿನಿಯ ಸೂತ್ರದ ಮೇಲಿನ ವಾರ್ತಿಕವೊಂದು (ಪೂರಕ ಟಿಪ್ಪಣಿ) ವಿವರಿಸುತ್ತದೆ. ‘ನದೀ’ ಕನ್ನಡದಲ್ಲಿ ‘ನದಿ’ಯಾದಂತೆ ‘ನೀಲೀ’ ‘ನೀಲಿ’ಯಾಗಿದೆ ಎಂದು ನೋಡಿದರೆ, ನಾವು ಆಕಾಶಕ್ಕೆ ಹೇಳುವ ‘ನೀಲಿ’ಯೂ ಬಣ್ಣದ ಪದಾರ್ಥದ ಹೆಸರೇ ಎಂದು ನನಗೆ ತೋರುತ್ತದೆ. ಅನುವಾದದಲ್ಲಿ ‘ಇಂಡಿಗೊ’ಗೆ ‘ಕಡುನೀಲಿ’ ಎಂದು ಬರೆದರೆ ಸಾಕಲ್ಲವೇ?

ಉತ್ತರ 3:
‘ಕಡುನೀಲಿ’ಯನ್ನು ಒಪ್ಪಲಾರೆ. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಹುದುಗು ಬರಿಸಿದ ತೊಟ್ಟಿಯಲ್ಲಿ ಅದು ಕರಗುವ ರೂಪ ತಾಳುತ್ತದೆ. ಅದ್ದಿ ತೆಗೆದ ಬಟ್ಟೆ ಮೊದಲು ಹಳದಿ ಮಿಶ್ರಿತ ಹಸಿರಾಗಿ ಕಂಡು, ಗಾಳಿ ತಾಗಿದಂತೆ ನೀಲಿಯಾಗುತ್ತದೆ. ಒಂದೇ ಸಲ ಅದ್ದಿದರೆ ತಿಳಿನೀಲಿ, ಮತ್ತೆ ಮತ್ತೆ ಅದ್ದಿದರೆ ಕಪ್ಪಿಗೆ ಹತ್ತಿರದ ನೀಲಿ. ಹೀಗಾಗಿ ಹೆಸರು ಹೇಳುವುದು ಪದಾರ್ಥವನ್ನು, ಒಂದು ನಿರ್ದಿಷ್ಟ ಛಾಯೆಯನ್ನಲ್ಲ. ‘ಇಂಡಿಗೊ’ವನ್ನು ಕಾಮನಬಿಲ್ಲಿನ ಪ್ರತ್ಯೇಕ ಬಣ್ಣವಾಗಿಸಿದವನು ನ್ಯೂಟನ್. ಸಂಗೀತದ ಸ್ವರಗಳಂತೆ ಏಳು ಬಣ್ಣಗಳಿರಬೇಕೆಂಬುದು ಅವನ ಎಣಿಕೆಯಾಗಿತ್ತು. 1897ರಲ್ಲಿ ಜರ್ಮನಿಯ ಕೃತಕ ಬಣ್ಣ ಮಾರುಕಟ್ಟೆಗೆ ಬಂದು ಗಿಡದ ಬೇಸಾಯ ಕುಸಿದ ಮೇಲೂ ಜೀನ್ಸ್ ಬಟ್ಟೆಗೆ ‘ಇಂಡಿಗೊ’ ಎಂಬ ಹೆಸರೇ ಉಳಿದಿದೆ.

ಪ್ರಶ್ನೆ ಕೇಳಿದವರು:
ನನ್ನ ಪಠ್ಯದಲ್ಲಿ ಮಾತು ಹಡಗಿನಲ್ಲಿ ಹೋದ ಸರಕಿನದು. ಆದ್ದರಿಂದ ಅಲ್ಲಿ ‘ನೀಲಿ ಗಿಡದ ಬಣ್ಣ’ ಎಂದೂ, ಬಟ್ಟೆಯ ಪ್ರಸ್ತಾಪವಿರುವಲ್ಲಿ ‘ನೀಲಿಯಲ್ಲಿ ಅದ್ದಿದ’ ಎಂದೂ ಬರೆಯುತ್ತೇನೆ.